ಒಬ್ಬರೇ ಪೋಷಕರ ಮನೆ, ಮಕ್ಕಳ ಓದು: ಆ ‘ಅರ್ಧ’ ಎಲ್ಲಿಂದ ಬಂತು?

ನನ್ನ ಜೊತೆ ಬಿ.ಎಡ್. ಓದುತ್ತಿರುವವರಿಗೆ ಈ ಟಿಪ್ಪಣಿ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ತಂಡದ 1966ರ ವರದಿ ನಿಮಗೆ ಗೊತ್ತೇ ಇದೆ. ಅಮೆರಿಕದ ಮಕ್ಕಳ ಕಲಿಕೆಯಲ್ಲಿನ ಅಂತರಕ್ಕೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಜಾಸ್ತಿ ಕಾರಣ ಅಂತ ಅದು ಹೇಳಿತು. ಅಷ್ಟು ಸಾಕು.

ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದು ಮುಂದಿನದರಲ್ಲಿ. ಒಬ್ಬರೇ ಪೋಷಕರಿರುವ ಮನೆಯ ಮಕ್ಕಳು ಹೈಸ್ಕೂಲು ಬಿಡುವುದು ಹೆಚ್ಚು, ಆದರೆ ಆ ಅಂತರದಲ್ಲಿ ಸುಮಾರು ಅರ್ಧ ಭಾಗ ಆದಾಯದ ವ್ಯತ್ಯಾಸದಿಂದ ಬಂದದ್ದು ಅಂತ 1994ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮೆಕ್ಲಾನಹನ್ ಮತ್ತು ಸ್ಯಾಂಡೆಫರ್ ತೋರಿಸಿದರು. ಇದು ಗೊತ್ತಾಗುವುದು ‘ಆದಾಯವನ್ನು ಸಮವಾಗಿಟ್ಟು ನೋಡಿದಾಗ’. ಹಾಗಂದರೆ ಬಡ ಮಕ್ಕಳನ್ನು ಲೆಕ್ಕದಿಂದ ತೆಗೆಯುವುದು ಅಂದುಕೊಂಡಿದ್ದೆ. ಹಾಗಲ್ಲ. ಯಾರನ್ನೂ ತೆಗೆಯುವುದಿಲ್ಲ.

ನಾನೇ ಮಾಡಿಕೊಂಡ ಲೆಕ್ಕ ನೋಡಿ. ಒಬ್ಬರೇ ಪೋಷಕರಿರುವ 100 ಮಕ್ಕಳು. ಅವರಲ್ಲಿ 80 ಮಂದಿ ಬಡವರು, 16 ಜನ ಶಾಲೆ ಬಿಟ್ಟರು. ಉಳಿದ 20ರಲ್ಲಿ 2 ಜನ ಬಿಟ್ಟರು. ಒಟ್ಟು 18. ಇಬ್ಬರೂ ಇರುವ ಮನೆಯ 100 ಮಕ್ಕಳಲ್ಲಿ 40 ಮಂದಿ ಬಡವರು, 6 ಜನ ಬಿಟ್ಟರು. ಉಳಿದ 60ರಲ್ಲಿ 3 ಜನ. ಒಟ್ಟು 9. ಅಂತರ 9 ಅಲ್ವಾ?

ಈಗ ಬಡವರನ್ನು ಬಡವರ ಜೊತೆಗೇ ಹೋಲಿಸಿ. 80ರಲ್ಲಿ 16 ಅಂದರೆ ನೂರಕ್ಕೆ 20. 40ರಲ್ಲಿ 6 ಅಂದರೆ ನೂರಕ್ಕೆ 15. ಅಂತರ 5. ಉಳ್ಳವರಲ್ಲಿ ನೂರಕ್ಕೆ 10 ಮತ್ತು 5. ಅಲ್ಲೂ 5. ಹಾಗಾದರೆ 9ರಲ್ಲಿ 4 ಎಲ್ಲಿ ಹೋಯಿತು? ಮೊದಲ ಗುಂಪಿನಲ್ಲಿ ಬಡವರೇ ಹೆಚ್ಚಿದ್ದರು, ಅದಕ್ಕೇ ಆ 4 ಬಂದಿತ್ತು. ಇದು ಹೊಳೆದ ಮೇಲೆ ಉಳಿದದ್ದೆಲ್ಲ ಸಲೀಸು. ಆದಾಯ ಸಮವಾಗಿಟ್ಟ ಮೇಲೂ ಹೀಗೆ ಉಳಿಯುವ ಅಂತರಕ್ಕೆ ಮೆಕ್ಲಾನಹನ್ ಮತ್ತು ಸ್ಯಾಂಡೆಫರ್ ಕೊಡುವ ಕಾರಣಗಳು: ಮಗುವಿಗೆ ಸಿಗುವ ಸಮಯ, ಮೇಲ್ವಿಚಾರಣೆ, ಪದೇ ಪದೇ ಮನೆ ಬದಲಿಸಿ ನೆರೆಹೊರೆ ಕಳೆದುಕೊಳ್ಳುವುದು. ಬಾಡಿಗೆ ಏರಿದಾಗಲೆಲ್ಲ ಏರಿಯಾ ಬಿಡುವ ಬೆಂಗಳೂರಿನ ಮನೆಗಳು ನನಗೆ ನೆನಪಾದವು.

ಪೋಷಕರ ಬೆಂಬಲದ ಬಗ್ಗೆ ಒಂದೇ ಉದಾಹರಣೆ. ಅಮೆರಿಕದ ಒಂದು ಕಡೆ ಏಷ್ಯಾದಿಂದ ವಲಸೆ ಬಂದ ಕೆಲವು ಕುಟುಂಬಗಳು ಪ್ರತಿ ಪಠ್ಯಪುಸ್ತಕದ ಎರಡು ಪ್ರತಿ ಕೊಳ್ಳುತ್ತಿದ್ದವು. ಎರಡನೆಯದು ಅಮ್ಮನಿಗೆ, ಓದಿಕೊಂಡು ಮಗುವಿಗೆ ಸಹಾಯ ಮಾಡಲು. ಇದು 1988ರಲ್ಲಿ ಅದೇ ಕೋಲ್ಮನ್ ಬರೆದದ್ದು. ಅಮ್ಮ ಎಷ್ಟು ಓದಿದ್ದಾರೆ ಅನ್ನುವುದೇ ಬೇರೆ, ಆ ಓದು ಮಗುವಿನ ಪಾಲಿಗೆ ಸಿಗುತ್ತದೆಯೇ ಅನ್ನುವುದೇ ಬೇರೆ.

ಬೋಧನಾ ಅಭ್ಯಾಸಕ್ಕೆ ಪೀಣ್ಯದ ಕಡೆಯ ಶಾಲೆಯೊಂದಕ್ಕೆ ಹೋಗಿದ್ದಾಗ ಒಬ್ಬ ಹುಡುಗಿಯ ಹೆಸರಿನ ಮುಂದೆ ‘ಮನೆಯ ಬೆಂಬಲ ಇಲ್ಲ’ ಅಂತ ಬರೆದಿದ್ದೆ. ಪೋಷಕರ ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಗಾರ್ಮೆಂಟ್ಸ್‌ಗೆ ಹೋಗುವ ಅವಳ ಅಮ್ಮ ಬಂದಿರಲಿಲ್ಲ. ಸಂಜೆ ಫೋನ್ ಮಾಡಿದೆ. “ನಂಗೆ ಓದಕ್ಕೆ ಬರಲ್ಲ ಮೇಡಂ, ಅಡುಗೆ ಮಾಡುವಾಗ ಅವಳ ಕೈಲಿ ಜೋರಾಗಿ ಓದಿಸ್ತೀನಿ” ಅಂದರು. ಆ ಸಾಲು ಹೊಡೆದುಹಾಕಿದೆ.