ಗಣಿ ಗುಂಡಿ ಕೆರೆಯಾಗುವ ಮುನ್ನ

ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, 2013ರಲ್ಲಿ ಅತಿ ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದುಪಡಿಸಿದ ಮೇಲೆ, ಸಂಡೂರಿನ ಗುಡ್ಡಗಳಲ್ಲಿ ಉಳಿದ ಗುಂಡಿಗಳ ಬಗ್ಗೆ ನನ್ನಲ್ಲಿಗೆ ಬರುವ ಪ್ರಸ್ತಾವ ಹೆಚ್ಚುಕಡಿಮೆ ಒಂದೇ: ಗುಂಡಿ ಸಿದ್ಧವಿದೆ, ಅಗೆಯುವ ಖರ್ಚಿಲ್ಲ, ಕೆರೆ ಮಾಡಿಕೊಡಿ. ಕೇಳುವವರು ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಊರಿನವರಾದ್ದರಿಂದ ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಗುಂಡಿ ಎಷ್ಟು ನೀರು ಹಿಡಿಯುತ್ತದೆ ಎಂದು ಹೇಳುವವರೇ ಎಲ್ಲರೂ; ಅಷ್ಟು ನೀರು ಎಲ್ಲಿಂದ ಹರಿದು ಬರುತ್ತದೆ ಎಂದು ಹೇಳುವವರು ಅಪರೂಪ.

ಇಲ್ಲಿಯ ಕಬ್ಬಿಣದ ಅದಿರು ಬಹುಪಾಲು ಗುಡ್ಡದ ನೆತ್ತಿಯಲ್ಲಿರುವುದರಿಂದ ಗುಂಡಿಗಳೂ ನೆತ್ತಿಯಲ್ಲೇ ಇವೆ. ನಮ್ಮ ಹಿರಿಯರು ಏರಿ ಕಟ್ಟಿದ್ದು ಹಳ್ಳದ ದಾರಿಯಲ್ಲಿ, ಮೇಲಿನ ಇಡೀ ಇಳಿಜಾರಿನ ನೀರು ಬಂದು ಸೇರುವ ಕಡೆ. ನೆತ್ತಿಯ ಗುಂಡಿಗೆ ಅಂಥ ಇಳಿಜಾರು ಇರುವುದಿಲ್ಲ.

ಪ್ರತಿ ಸಭೆಯಲ್ಲೂ ಮಾಡಿ ತೋರಿಸುವ ಲೆಕ್ಕವನ್ನು ಇಲ್ಲಿಯೂ ಬರೆಯುತ್ತೇನೆ. ಒಂದು ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್ ನೀರು. ಗುಂಡಿಯ ಬಾಯಿ 1 ಹೆಕ್ಟೇರ್, ಆಳ 12 ಮೀಟರ್, ಗೋಡೆ ನೆಟ್ಟಗೆ, ಅದಕ್ಕೆ ನೀರು ಹರಿಸುವ ಸುತ್ತಲಿನ ನೆಲ 10 ಹೆಕ್ಟೇರ್, ವರ್ಷದ ಮಳೆ 600 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸುತ್ತಲಿನ ನೆಲಕ್ಕೆ ಬಿದ್ದ ಮಳೆಯಲ್ಲಿ ಐದರಲ್ಲೊಂದು ಪಾಲು ಹರಿದು ಬಂದರೆ 12,000 ಘನ ಮೀಟರ್. ಬರಗಾಲದಲ್ಲಿ ಅಷ್ಟೂ ಬರುವುದಿಲ್ಲ. ನೇರವಾಗಿ ಗುಂಡಿಯೊಳಗೆ ಬೀಳುವುದು 6,000. ಗುಂಡಿ ಹಿಡಿಯಬಲ್ಲದ್ದು 1,20,000, ಬಂದದ್ದು 18,000. ಅಂದರೆ 12 ಮೀಟರ್ ಆಳದಲ್ಲಿ ಎರಡು ಮೀಟರ್ ನೀರೂ ನಿಲ್ಲುವುದಿಲ್ಲ. ನಮ್ಮ ಬಿಸಿಲಿಗೆ ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾಗುತ್ತದೆ ಎಂದರೂ 15,000 ಹೋಯಿತು. ಉಳಿದ 3,000ವೂ ಬಿರುಕು ಬಿಟ್ಟ ಬಂಡೆಯ ತಳದಲ್ಲಿ ಇಂಗದೆ ಇದ್ದರೆ ಮಾತ್ರ ನಮ್ಮದು. ಗುಂಡಿಯನ್ನು ಇನ್ನೂ ಆಳ ಮಾಡಿದರೆ ಆದೀತೇ ಎಂದು ಇಷ್ಟಾದ ಮೇಲೂ ಕೇಳುತ್ತಾರೆ. ಆಳ ಹೆಚ್ಚಿದರೆ ಮಳೆ ಹೆಚ್ಚುವುದಿಲ್ಲ.

ಒಂದು ಊರಿನಲ್ಲಿ ಪಂಚಾಯಿತಿ ಸದಸ್ಯರು ಅಕ್ಟೋಬರ್ ತಿಂಗಳಲ್ಲಿ ತೆಗೆದ, ನೀರು ತುಂಬಿದಂತೆ ಕಾಣುವ ಗುಂಡಿಯ ಫೋಟೊವನ್ನು ಮುಂದಿಟ್ಟಿದ್ದರು. ಹಿಂದೆ ಕುಳಿತಿದ್ದ ಕುರಿಗಾಹಿ ಅಜ್ಜ ಎದ್ದು, “ಸಂಕ್ರಾಂತಿ ದಾಟಿದ್ರ ಅಲ್ಲಿ ಕುರಿಗೂ ನೀರು ಇರಂಗಿಲ್ಲ ಸಾರ್” ಎಂದರು. ನನ್ನ ಲೆಕ್ಕಕ್ಕಿಂತ ಆ ಮಾತನ್ನು ಸಭೆ ಬೇಗ ಒಪ್ಪಿತು. ಅಂದಿನಿಂದ ನಾನು ಏಪ್ರಿಲ್ ತಿಂಗಳ ಫೋಟೊ ಕೇಳುತ್ತೇನೆ, ಆ ಗುಡ್ಡದಲ್ಲಿ ಕುರಿ ಮೇಯಿಸುವವರನ್ನು ಸಭೆಗೆ ಕರೆಸುತ್ತೇನೆ.

ವಿಜಯನಗರ ಕಾಲದ, 1369ರ ಪೋರುಮಾಮಿಳ್ಳ ಶಾಸನವು ಕೆರೆಯ ದೋಷಗಳನ್ನು ಪಟ್ಟಿ ಮಾಡುವಾಗ ಏರಿಯಿಂದ ನೀರು ಜಿನುಗುವುದನ್ನೂ, ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದನ್ನೂ ಹೇಳುತ್ತದೆ. ಗಣಿ ನೆಲದಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ: ನೀರಿನ ಕೊರತೆ ಮೇಲಿನ ಲೆಕ್ಕದಲ್ಲೇ ಇದೆ, ಜೊತೆಗೆ ಪಕ್ಕದಲ್ಲೇ ರಾಶಿ ಬಿದ್ದಿರುವ ಸಡಿಲ ಗಣಿತ್ಯಾಜ್ಯದಿಂದಲೇ ಏರಿ ಕಟ್ಟಿಬಿಡೋಣ ಎಂಬ ಸಲಹೆ ಬಂದೇ ಬರುತ್ತದೆ. ನಡುವೆ ಜೇಡಿಮಣ್ಣಿನ ಗೋಡೆಯಿಲ್ಲದೆ, ಪದರ ಪದರವಾಗಿ ನೀರು ಹಾಕಿ ರೋಲರ್ ಹೊಡೆಯದೆ ಅಂಥ ಏರಿಗೆ ನಾನು ಸಹಿ ಹಾಕುವುದಿಲ್ಲ; ಅದರ ಕೆಳಗೆ ಮನೆಗಳಿರುತ್ತವೆ.

ಅನೇಕ ಕಡೆ ಅದೇ ಹಣವನ್ನು ಗುಡ್ಡದ ಬುಡದ ಹಳ್ಳದಲ್ಲಿ ಹಾಕುವುದು ಮೇಲು: ತ್ಯಾಜ್ಯದ ದಿಬ್ಬಗಳ ಸುತ್ತ ಕಾಲುವೆ, ಕೆಂಪು ಹೂಳು ತಡೆಯುವ ಒಂದೆರಡು ಕಟ್ಟೆ, ಅವುಗಳ ಕೆಳಗೆ ಕೋಡಿ ಸಹಿತ ಸಣ್ಣ ಕೆರೆ. ನೆತ್ತಿಯ ಗುಂಡಿಯನ್ನು ಅಂಚಿಗೆ ಬೇಲಿ ಹಾಕಿಸಿ ಇಂಗುಗುಂಡಿಯಾಗಿ ಬಿಡಬಹುದು. ಅರಣ್ಯ ಭೂಮಿಯಾದರೆ ಅನುಮತಿಯ ವಿಚಾರ ಬೇರೆಯೇ ಇದೆ. ಕುಡಿಯಲು ಬಳಸುವುದಾದರೆ ನೀರಿನ ಪರೀಕ್ಷೆಯಿಲ್ಲದೆ ಮುಂದುವರಿಯಬಾರದು.

ಆದರೂ ಸ್ಥಳ ನೋಡದೆ ಯಾವ ಗುಂಡಿಯನ್ನೂ ತಳ್ಳಿಹಾಕಲಾರೆ. ಬುಡದಲ್ಲಿರುವ, ತಳ ಗಟ್ಟಿಯಾದ ಕೆಲವು ಗುಂಡಿಗಳು ನೀರು ಹಿಡಿದಿಡಬಹುದು. ಮಳೆಗಾಲ ಮುಗಿದೊಡನೆ ನೀರಿನಲ್ಲಿ ಗುರುತು ಹಾಕಿದ ಅಳತೆಗೋಲು ನಿಲ್ಲಿಸಿ, ಮಳೆಯಿಲ್ಲದ ಕೆಲವು ವಾರ ಪ್ರತಿ ಬೆಳಿಗ್ಗೆ ಮಟ್ಟವನ್ನು ಬರೆದಿಡಿ. ಆ ದಿನಗಳಲ್ಲಿ ಯಾರೂ ಪಂಪ್ ಹಚ್ಚಬಾರದು. ಆವಿಗೆಂದು ದಿನಕ್ಕೆ 5–6 ಮಿಲಿಮೀಟರ್ ಬಿಟ್ಟರೆ, ಅದಕ್ಕಿಂತ ಹೆಚ್ಚು ಇಳಿದದ್ದೆಲ್ಲ ತಳದಿಂದಲೋ ಗೋಡೆಯಿಂದಲೋ ಸೋರಿ ಹೋದ ನೀರು. ಆ ನೋಟ್‌ಬುಕ್ ಕೈಯಲ್ಲಿದ್ದರೆ ಅಂದಾಜುಪಟ್ಟಿಯ ಮಾತು ಆಡಬಹುದು.