ಉರುಳುವ ಬಂಡೆ ಎಲ್ಲಿ ನಿಂತೀತು?

2003ರ ಜೂನ್‌ನಲ್ಲಿ ವೈಭವವಾಡಿ ಬಳಿ ಕಾರವಾರ–ಮುಂಬೈ ವಿಶೇಷ ರೈಲು, ಮರುವರ್ಷ ಅದೇ ತಿಂಗಳು ಕರಂಜಾಡಿ ಬಳಿ ಮಂಗಳೂರಿನಿಂದ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್, ಗುಡ್ಡದಿಂದ ಉರುಳಿದ ಬಂಡೆಗಳಿಂದಾಗಿ ಹಳಿ ತಪ್ಪಿ ಜೀವಹಾನಿಯಾಯಿತು. ಕೊಂಕಣ ರೈಲುಮಾರ್ಗದಲ್ಲಿ ಗುಡ್ಡ ಕಡಿದು ದಾರಿ ಮಾಡಿದ ಕಟಿಂಗ್‌ಗಳಲ್ಲಿ ಉಕ್ಕಿನ ಬಲೆ ಹೊದಿಸಿದ್ದನ್ನು ಇಂದಿನ ಪ್ರಯಾಣಿಕರು ಕಿಟಕಿಯಿಂದಲೇ ಕಾಣಬಹುದು. ಎಲ್ಲಿ ಬಲೆ ಸಾಕು, ಎಲ್ಲಿ ತಡೆಬೇಲಿಯೇ ಬೇಕು, ಅದು ಎಷ್ಟು ಎತ್ತರವಿರಬೇಕು ಎಂಬುದನ್ನು ನಿರ್ಧರಿಸಲು ನನ್ನಂಥ ಭೂವಿಜ್ಞಾನಿಗಳು ಕಂಪ್ಯೂಟರ್ ಸಿಮ್ಯುಲೇಷನ್ ಬಳಸುತ್ತೇವೆ.

ಇಳಿಜಾರಿನ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟು, ಮೇಲಿನಿಂದ ಸಾವಿರಾರು ಬಂಡೆಗಳನ್ನು, ಪ್ರತಿ ಸಲವೂ ಗಾತ್ರ, ವೇಗಗಳನ್ನು ತುಸು ಬದಲಿಸಿ, ಉರುಳಿಸುತ್ತೇವೆ. ಬರಿಯ ಕಲ್ಲಿನ ಮೇಲೆ ಬಿದ್ದದ್ದು ಪುಟಿಯುತ್ತದೆ, ಸಡಿಲ ಮಣ್ಣು ಅದರ ವೇಗವನ್ನು ನುಂಗುತ್ತದೆ. ಒಂದು ಘನ ಮೀಟರ್ ಬಸಾಲ್ಟ್ ಎಂಬ ಕಪ್ಪು ಶಿಲೆ ಸುಮಾರು 2.7 ಟನ್ ತೂಗುತ್ತದೆ. ಅದು 20 ಮೀಟರ್ ನೇರ ಬಿದ್ದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಸುಮಾರು 530 ಕಿಲೋಜೂಲ್ ಶಕ್ತಿಯೊಡನೆ ಅಪ್ಪಳಿಸುತ್ತದೆ. ಬೇಲಿ ಆ ಹೊಡೆತವನ್ನು ತಾಳಬೇಕು. ನೂರರಲ್ಲಿ 95 ಬಂಡೆಗಳ ಪುಟಿತಕ್ಕಿಂತಲೂ ಎತ್ತರವಿರಬೇಕು.

ಆದರೆ ಪುಟಿತದ ಗುಣಾಂಕಗಳನ್ನು, ಅಂದರೆ ನೆಲಕ್ಕೆ ಬಡಿದ ಬಂಡೆಯಲ್ಲಿ ಎಷ್ಟು ಪಾಲು ವೇಗ ಉಳಿಯುತ್ತದೆಂಬ ಸಂಖ್ಯೆಗಳನ್ನು, ಪುಸ್ತಕದ ಕೋಷ್ಟಕದಿಂದ ಎತ್ತಿಕೊಂಡು ಕುಳಿತಲ್ಲಿಯೇ ವರದಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಇಳಿಜಾರಿನ ಮರವೊಂದರ ಕಾಂಡದಲ್ಲಿ, ನನ್ನ ಎದೆಯ ಮಟ್ಟದಲ್ಲಿ, ತೊಗಟೆ ಕಿತ್ತು ಬಿಳಿ ತಿರುಳು ಕಾಣುವ ಹಸಿ ಗಾಯವಿದ್ದರೆ ಅಲ್ಲಿ ಬಂಡೆ ಅಷ್ಟೆತ್ತರಕ್ಕೆ ಹಾರಿದೆ ಎಂದರ್ಥ. ಬುಡದಲ್ಲಿ ಬಿದ್ದ ಕಲ್ಲುಗಳ ಗಾತ್ರವನ್ನೂ ಅವು ನಿಂತ ಜಾಗವನ್ನೂ ಅಳೆದು, ಮಾದರಿಯ ಬಂಡೆಗಳು ಅಲ್ಲಿಯೇ ನಿಲ್ಲುವ ತನಕ ಗುಣಾಂಕಗಳನ್ನು ತಿದ್ದಬೇಕು.

ಎಲ್ಲ ಕುಸಿತಕ್ಕೂ ಈ ಲೆಕ್ಕ ಒಗ್ಗುವುದಿಲ್ಲ. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಾದಂತೆ ಗುಡ್ಡವೇ ಮಣ್ಣಾಗಿ ಜಾರಿದರೆ ಬಿಡಿ ಬಂಡೆಗಳ ಮಾದರಿ ಉಪಯೋಗಕ್ಕೆ ಬರದು. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಕೆಳಗೆ ನೀರು ಕುಡಿದರೆ ಜಾರುವ ಮೆತ್ತನೆಯ ಶೇಡಿ ಮಣ್ಣಿರುವಲ್ಲಿ ಮೊದಲು ನೋಡಬೇಕಾದದ್ದು ನೀರಿನ ಹರಿವನ್ನು.

ನನ್ನನ್ನು ಹೆಚ್ಚು ಕಾಡುವುದು ಹಳಿಯ ಪಕ್ಕದ ಕಂದಕ. ಮಾದರಿಯಲ್ಲಿ ಅದು ಯಾವಾಗಲೂ ಖಾಲಿ. ಸ್ಥಳದಲ್ಲಿ ಎರಡು ಮಳೆಗಾಲದ ಕಲ್ಲುಮಣ್ಣು ತುಂಬಿರುತ್ತದೆ, ಮುಂದಿನ ಬಂಡೆ ಅದರ ಮೇಲೇರಿ ಹಳಿಗೆ ಹಾರುತ್ತದೆ. ಆದ್ದರಿಂದ ಕಂದಕ ಅರ್ಧ ತುಂಬಿದೆಯೆಂದುಕೊಂಡು ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ, ಮೇ ತಿಂಗಳೊಳಗೆ ಅದನ್ನು ತೆರವುಗೊಳಿಸಬೇಕೆಂಬ ಷರತ್ತನ್ನು ವಿನ್ಯಾಸದ ನಕ್ಷೆಯ ಮೇಲೆಯೇ ಬರೆಯುತ್ತೇನೆ.