ಶೇರ್ ದನಿ ಕೆಟ್ಟಿತ್ತು, ಮಷೀನ್ ಹಾಡಿತು ಅಂತಾರಲ್ಲ, ನಿಜಾನಾ?

"ಮಾಸ್ತರ್ರೇ, 52ನೇ ವಯಸ್ಸಿಗೆ ಅಮೆರಿಕದ ಗಾಯಕಿ ಶೇರ್ ದನಿ ಕೈಕೊಟ್ಟಿತ್ತಂತೆ, ಅದನ್ನು ಮುಚ್ಚೋಕೇ ‘ಬಿಲೀವ್’ ಹಾಡಿಗೆ ಆಟೋ-ಟ್ಯೂನ್ ಹಾಕಿದರಂತೆ, ಹೌದಾ?"

ಅಲ್ಲ. ಪುಣೆಯ ಕೋಥ್ರೂಡ್‌ನ ನಮ್ಮ ಪೇಟಿ (ಹಾರ್ಮೋನಿಯಂ) ಕ್ಲಾಸಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬರೆದಿಟ್ಟುಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಶೇರ್ 1965ರಲ್ಲಿ ಗಾಯಕ ಸನ್ನಿ ಜೊತೆ ಹಾಡಿ ಹೆಸರಾದವರು. ಒಬ್ಬರೇ ಹಾಡಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದು ಅದಕ್ಕೆ ಮುಂಚೆ ಕೊನೆಯ ಸಲ 1974ರಲ್ಲಿ, ಆಮೇಲೆ ಆ ಜಾಗ ಮತ್ತೆ ಸಿಕ್ಕಿದ್ದು 1999ರ ಮಾರ್ಚ್‌ನಲ್ಲಿ, ಹಿಂದಿನ ವರ್ಷ ಬಂದಿದ್ದ ‘ಬಿಲೀವ್’ ಆಲ್ಬಂನ ಇದೇ ಹಾಡಿನಿಂದ. 25 ವರ್ಷ!

ಈಗ ಆ ಮಷೀನ್ ಮಾತು. ಆಟೋ-ಟ್ಯೂನ್ ಅನ್ನೋ ಸಾಫ್ಟ್‌ವೇರ್ 1997ರಲ್ಲಿ ಬಂದಿದ್ದು. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್, ಮೊದಲು ಎಣ್ಣೆ ಹುಡುಕುವವರಿಗಾಗಿ ನೆಲದಡಿಯ ಕಂಪನದ ಲೆಕ್ಕ ಹಾಕುತ್ತಿದ್ದವರು. ಜಾರಿದ ಸ್ವರವನ್ನು ಹತ್ತಿರದ ಸರಿ ಸ್ವರಕ್ಕೆ ಎಳೆದು ಕೂರಿಸುವುದಷ್ಟೇ ಅದರ ಕೆಲಸ. ಎಷ್ಟು ಬೇಗ ಎಳೆಯಬೇಕು ಅನ್ನೋದಕ್ಕೆ ಒಂದು ಸೆಟ್ಟಿಂಗ್ ಇದೆ. ನಿಧಾನಕ್ಕೆ ಇಟ್ಟರೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ, ತಪ್ಪು ಮುಚ್ಚುವವರು ಇಡುವುದು ಅಲ್ಲೇ. ಸೊನ್ನೆಗೆ ತಂದರೆ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೇ ಅಳಿಸಿಹೋಗಿ, ದನಿ ಟಕ್ ಟಕ್ ಅಂತ ನೆಗೆಯುತ್ತದೆ. ನಿರ್ಮಾಪಕ ಮಾರ್ಕ್ ಟೇಲರ್ ಮಾಡಿದ್ದು ಅದನ್ನು, ಬೇಕಂತಲೇ. ಕದ್ದ ಮಾಲನ್ನು ಯಾರಾದರೂ ಅಂಗಡಿ ಮುಂದೆ ನೇತುಹಾಕುತ್ತಾರಾ? ಹಾಡು ಸರಿಯಾಗಿ ಕೇಳಿ ನೋಡಿ: ದನಿ ಹೀಗೆ ನೆಗೆಯುವುದು ಚರಣದ ಕೆಲವೇ ಮಾತುಗಳಲ್ಲಿ. ಪಲ್ಲವಿ ಬಂತೋ, ಆ ದಪ್ಪ ದನಿ ತುಂಬಿಕೊಂಡು ಏರುತ್ತದೆ. ಮುಚ್ಚಬೇಕಿದ್ದರೆ ಅಲ್ಲಿ ಮುಚ್ಚಬೇಕಿತ್ತು ಅಲ್ವಾ? ರೆಕಾರ್ಡ್ ಕಂಪನಿಯವರು ಆ ನೆಗೆತವನ್ನು ತೆಗೆಯಿರಿ ಅಂದರೂ ಶೇರ್ ಸುತರಾಂ ಒಪ್ಪಲಿಲ್ಲ. ಗಾಳಿಸುದ್ದಿಗೆ ನಿರ್ಮಾಪಕರದ್ದೂ ಸ್ವಲ್ಪ ಪಾಲಿದೆ ಬಿಡಿ, ಗುಟ್ಟು ಬಿಟ್ಟುಕೊಡಬಾರದು ಅಂತ ಅವರು ಮೊದಲು ವೋಕೋಡರ್ ಪೆಡಲ್ (ದನಿಯನ್ನು ಯಂತ್ರದ ದನಿಯ ಹಾಗೆ ಮಾಡುವ ಬೇರೊಂದು ಸಾಧನ) ಕಥೆ ಹೇಳಿದ್ದರು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಸೊನ್ನೆಗಿಟ್ಟ ಆಟೋ-ಟ್ಯೂನ್ ಅಂದರೆ ಗಂಟಲನ್ನು ಪೇಟಿ ಮಾಡಿದ ಹಾಗೆ. ಪೇಟಿಯಲ್ಲೂ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ, ಒಂದು ಪಟ್ಟಿ ಬಿಟ್ಟು ಇನ್ನೊಂದು ಒತ್ತಬೇಕು. ಇದೇ ದೂರು ಹೊರಿಸಿ 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಪೇಟಿಯನ್ನು ಹೊರಗಿಟ್ಟರು, ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಆ ಕಾಲದಲ್ಲೇ ನಮ್ಮ ಗದಗಿನ ಭೀಮಸೇನ ಜೋಶಿಯವರು ಇದೇ ಪುಣೆಯಲ್ಲಿ ಪಕ್ಕಕ್ಕೆ ಪೇಟಿ ಇಟ್ಟುಕೊಂಡೇ ಹಾಡುತ್ತಿದ್ದರು. ಅವರ ರೆಕಾರ್ಡಿಂಗ್ ಒಂದನ್ನು ಹಾಕಿ, ಅವರು ಉದ್ದಕ್ಕೆ ಮೀಂಡ್ ಎಳೆಯುವಾಗ ಪೇಟಿಯವರ ಬೆರಳು ಏನು ಮಾಡುತ್ತದೆ ಅಂತ ಕೇಳಿಸಿಕೊಂಡು ಬನ್ನಿ. ಭಾನುವಾರದ ಕ್ಲಾಸಿನಲ್ಲಿ ಮೊದಲು ಅದನ್ನೇ ಕೇಳುತ್ತೇನೆ.